ಗೊತ್ತಾಗದ ಹಾಗೆ ಹಾಕುವ ಪುಡಿ

ಬಸ್ ಸ್ಟ್ಯಾಂಡಿನ ಗೋಡೆ ಮೇಲೆ, ಕರೆಂಟ್ ಕಂಬದ ಮೇಲೆ, ಪೇಪರಿನ ಸಣ್ಣ ಜಾಹೀರಾತಿನಲ್ಲಿ ನೀವೂ ಓದಿರ್ತೀರಿ. ಕುಡಿತ ಬಿಡಿಸ್ತೇವೆ, ಕುಡಿಯುವವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಬಹುದು ಅಂತ. ಕೆಳಗೊಂದು ಫೋನ್ ನಂಬರು. ಡಾಕ್ಟರ ಹೆಸರಿಲ್ಲ, ಔಷಧದ ಹೆಸರಿಲ್ಲ. ಅಂಥದೊಂದು ನಂಬರನ್ನು ಚೀಟಿಯಲ್ಲಿ ಬರೆದು ನಾನೇ ಒಬ್ಬ ಹೆಂಗಸಿನ ಕೈಗೆ ಕೊಟ್ಟಿದ್ದೆ. ಅದಕ್ಕೇ ಇವತ್ತು ಈ ಜಗಳ ತೆಗೀತಿದ್ದೇನೆ.

ನಮ್ಮದು ಕುದುರೆಮುಖದ ಬುಡ, ಕಳಸದ ಕಡೆ. ಆಕೆ ಪಕ್ಕದ ತೋಟದ ಲೈನ್ ಮನೆಯವರು. ಬಟವಾಡೆ ದಿನ ದುಡ್ಡು ಕೈಗೆ ಬಂದ ಕೂಡಲೇ ಗಂಡನ ಕಾಲು ಸೀದಾ ಬಾರಿನ ಕಡೆ. ಮನೆಗೆ ಬರುವಾಗ ಜೇಬು ಖಾಲಿ, ಮೇಲಿಂದ ಹೊಡೆತ. “ಅಣ್ಣಾ, ಅದೆಂತದೋ ಪುಡಿ ಬರ್ತದಂತಲ್ಲ” ಅಂತ ಆಕೆ ಕೇಳಿದ್ದಕ್ಕೆ, ದೊಡ್ಡ ಉಪಕಾರ ಮಾಡುವವನ ಹಾಗೆ ನಂಬರು ಬರೆದುಕೊಟ್ಟೆ. ಪೋಸ್ಟಲ್ಲಿ ಪೊಟ್ಟಣ ಬಂತು, ಸಾರಿಗೆ ಬಿತ್ತು. ಮುಂದಿನ ಬಟವಾಡೆ ಸಂಜೆ ಒಂದು ನೈಂಟಿ ಇಳಿಸಿ ಸ್ವಲ್ಪ ಹೊತ್ತಿಗೇ ಆತನ ಮುಖ, ಕುತ್ತಿಗೆ, ಕಣ್ಣು ಎಲ್ಲಾ ಕೆಂಪು ಕೆಂಪು. ಎದೆ ಡವಡವ. ವಾಂತಿ ಮಾಡಿ ರಸ್ತೆ ಬದಿಯಲ್ಲೇ ಕುಸಿದ.

ಜೀಪಿಗೆ ಹಾಕ್ಕೊಂಡು ಹೊರಟೆವು. ಜೊತೆಗೆ ಬಂದವರೊಬ್ಬರು, “ಮುಖ ಕೆಂಪಾದ್ರೆ ಎಂತ ಆಗಲ್ಲ ಮಾರಾಯ್ರೆ, ರಕ್ತ ಚೆನ್ನಾಗಿದ್ದವರಿಗೆ ಹಾಗೆ ಆಗೋದು” ಅಂತ ಸಮಾಧಾನ ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು, “ಇವರಿಗೆ ಮಾತ್ರೆ ಏನಾದ್ರೂ ಕೊಡ್ತಿದ್ರಾ?” ಅಂತ ಮೂರು ಸಲ ಕೇಳಿದರು. ಆಕೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮೂರನೇ ಸಲ ಕೇಳಿದಾಗ ಬಾಯಿಬಿಟ್ಟೆ. ಅಷ್ಟರಲ್ಲಿ ಬಿಪಿ ತೀರಾ ಇಳಿದಿತ್ತು. ಪುಣ್ಯಕ್ಕೆ ಆತ ಬದುಕಿದ. ಲಕ್ಷಣ ನೋಡಿದರೆ ಪೊಟ್ಟಣದಲ್ಲಿ ಇದ್ದದ್ದು ಡೈಸಲ್ಫಿರಾಮ್ ಇರಬೇಕು ಅಂದರು ಡಾಕ್ಟರು.

ಮೊದಲು ಆ ‘ಒಳ್ಳೇ ರಕ್ತ’ದ ಮಾತಿಗೆ ಬರೋಣ. ಕುಡಿದ ಆಲ್ಕೋಹಾಲನ್ನು ನಮ್ಮ ಲಿವರ್ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಅದು ಅಸಿಟಾಲ್ಡಿಹೈಡ್ ಆಗುತ್ತದೆ. ಇದು ಶುದ್ಧ ವಿಷ. ಎರಡನೇ ಹಂತದಲ್ಲಿ ಎಎಲ್‌ಡಿಎಚ್2 ಅನ್ನುವ ಕಿಣ್ವ ಆ ವಿಷವನ್ನು ಅಸಿಟೇಟ್ ಆಗಿ ಬದಲಾಯಿಸುತ್ತದೆ, ಆಮೇಲೆ ತೊಂದರೆಯಿಲ್ಲ. ಈ ಎರಡನೇ ಕೆಲಸ ನಿಂತರೆ ಅಸಿಟಾಲ್ಡಿಹೈಡ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಒಳಗೆ ವಿಷ ನಿಂತಿದೆ ಅಂತ ಮೈ ಕೂಗಿ ಹೇಳುವುದು ಹೀಗೆ.

ಕೆಲವರಿಗೆ ಈ ಕಿಣ್ವ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಚೀನಾ, ಜಪಾನ್, ಕೊರಿಯಾ ಕಡೆ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಹೀಗಿದೆ. ಲೋಕದಲ್ಲಿ ಒಟ್ಟು 50 ಕೋಟಿಗೂ ಹೆಚ್ಚು ಜನ. ಇಂಥವರು ಕುಡಿಯುತ್ತಾ ಹೋದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಜಾಸ್ತಿ. ಹಾಗಾಗಿ ಮುಖ ಕೆಂಪಾಗುವ ಗೆಳೆಯನಿಗೆ “ಇನ್ನೊಂದು ಹಾಕು, ಅಭ್ಯಾಸ ಆಗ್ತದೆ” ಅನ್ನುವವರು ಗೆಳೆಯರೇ ಅಲ್ಲ.

ದಕ್ಷಿಣ ಭಾರತದವರಲ್ಲಿ ಈ ಹುಟ್ಟುಗುಣ ತೀರಾ ಅಪರೂಪ. ಚರ್ಮದ ತೊಂದರೆಯಿಂದಲೋ ಬೇರೆ ಮಾತ್ರೆಯಿಂದಲೋ ಕೆಂಪಾಗುವವರು ಇದ್ದಾರೆ. ಆದರೆ ಇಪ್ಪತ್ತು ವರ್ಷ ಕುಡಿದೂ ಏನೂ ಆಗದವನು ಇದ್ದಕ್ಕಿದ್ದ ಹಾಗೆ ಒಂದೇ ಗ್ಲಾಸಿಗೆ ಕೆಂಪಾಗಿ ಕುಸಿದರೆ, ಊಟಕ್ಕೆ ಏನು ಬಿದ್ದಿದೆ ಅಂತ ಮೊದಲು ಕೇಳಬೇಕು. ಇನ್ನೊಂದು ವಿಷಯ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಈ ಕೆಂಪು ಎದ್ದು ಕಾಣುವುದೇ ಇಲ್ಲ. ಕಣ್ಣು ನೋಡಬೇಕು, ಮುಖ ಮುಟ್ಟಿ ಬಿಸಿ ನೋಡಬೇಕು, ನಾಡಿ ಹಿಡಿಯಬೇಕು. ಮುಖ ಕೆಂಪಾಗಿಲ್ಲ ಅಂತ ಸುಮ್ಮನೆ ಮಲಗಿಸಿದರೆ ಬೆಳಗಾಗುವಾಗ ಏಳದೇ ಇರಬಹುದು.

ಡೈಸಲ್ಫಿರಾಮ್ ಮಾಡುವುದು ಇದನ್ನೇ. ಸರಿಯಾಗಿರುವ ಕಿಣ್ವವನ್ನು ಕಟ್ಟಿಹಾಕಿ ಕುಡಿತವನ್ನು ವಿಷ ಮಾಡುತ್ತದೆ. ಈ ಜಾತಿಯ ರಾಸಾಯನಿಕ ಮುಟ್ಟುವ ರಬ್ಬರ್ ಕಾರ್ಖಾನೆಯ ಕೆಲಸಗಾರರಿಗೆ ಕುಡಿಯಲು ಆಗುತ್ತಿಲ್ಲ ಅಂತ ಅಮೆರಿಕದ ಡಾಕ್ಟರೊಬ್ಬರು 1937ರಲ್ಲೇ ಗಮನಿಸಿದ್ದರು. ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್‌ಸೆನ್ ಇದು ಹೊಟ್ಟೆಹುಳಕ್ಕೆ ಔಷಧ ಆಗಬಹುದಾ ಅಂತ ತಾವೇ ನುಂಗಿ ನೋಡಿದರು. ಆಮೇಲೆ ಕುಡಿದಾಗ ಅವರಿಗೂ ಇದೇ ಅವಸ್ಥೆ. 1948ರಲ್ಲಿ ಅದನ್ನು ಕುಡಿತ ಬಿಡಿಸುವ ಮದ್ದಾಗಿ ಲೋಕದ ಮುಂದಿಟ್ಟರು. ಅವರು ನುಂಗಿದ್ದು ಗೊತ್ತಿದ್ದು ನುಂಗಿದ್ದು, ಅದನ್ನು ಮರೆಯಬೇಡಿ.

ಈ ಮಾತ್ರೆಯ ಅಮೆರಿಕದ ಪ್ಯಾಕಿನ ಮಾಹಿತಿ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ, ಚೌಕಟ್ಟು ಹಾಕಿ ಕೊಟ್ಟ ಎಚ್ಚರಿಕೆ ಏನು ಗೊತ್ತಾ? ಅಮಲಿನಲ್ಲಿ ಇರುವವರಿಗೂ, ಪೂರ್ತಿ ತಿಳಿಸಿ ಹೇಳದವರಿಗೂ ಇದನ್ನು ಯಾವತ್ತೂ ಕೊಡಬಾರದು ಅಂತ. ಔಷಧ ತಯಾರಿಸುವವರು ಯಾವುದನ್ನು ಮಾಡಲೇಬೇಡಿ ಅಂದರೋ, ಗೋಡೆ ಮೇಲಿನ ಜಾಹೀರಾತು ಅದನ್ನೇ ದೊಡ್ಡ ಗುಣ ಅಂತ ಮಾರುತ್ತಿದೆ!

ಕಾರಣ ಇದೆ. ಹೃದಯದ ಕಾಯಿಲೆ ಇದ್ದವರಿಗೆ ಈ ಮಾತ್ರೆ ಕೊಡುವ ಹಾಗೇ ಇಲ್ಲ. ಲಿವರಿಗೂ ಪೆಟ್ಟು ಬೀಳಬಹುದು, ಕುಡಿಯುವವರ ಲಿವರ್ ಮೊದಲೇ ಸೋತಿರುತ್ತದೆ. ಡಾಕ್ಟರು ಇದನ್ನೆಲ್ಲ ಪರೀಕ್ಷೆ ಮಾಡಿಯೇ ಬರೆಯೋದು. ಸಾರಿಗೆ ಪುಡಿ ಹಾಕುವ ಮೊದಲು ನಾವು ಯಾರ ಇಸಿಜಿ ತೆಗೆಸಿದ್ದೇವೆ? ಪುಡಿ ಹಾಕುವುದು ನಿಲ್ಲಿಸಿದರೂ ಎರಡು ವಾರದ ತನಕ ಅದರ ಕೆಲಸ ಉಳಿದಿರಬಹುದು. ಇನ್ನು ದಿನಾ ಜೋರಾಗಿ ಕುಡಿಯುವವನು ಹೆದರಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕಲಸಿಹೋಗಿ ಜೀವಕ್ಕೇ ಕುತ್ತಾಗಬಹುದು.

“ಹೇಳಿದ್ರೆ ಅವನು ನುಂಗ್ತಾನಾ? ಹೊಡೆತ ತಿನ್ನೋಳು ಅವಳು, ನಿಮಗೆಂತ ಗೊತ್ತು?” ಈ ಪ್ರಶ್ನೆಗೆ ನನ್ನ ಹತ್ತಿರ ಧೈರ್ಯದ ಉತ್ತರ ಇಲ್ಲ. ಆಕೆಯ ಕಷ್ಟ ಸುಳ್ಳಲ್ಲ. 2007ರ ಜುಲೈಯಲ್ಲಿ ಸಾರಾಯಿ ನಿಂತಾಗ ಎಷ್ಟೋ ಮನೆಯ ಹೆಂಗಸರು ಉಸಿರು ಬಿಟ್ಟಿದ್ದರು. ಆ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು. ಸರ್ಕಾರ, ಬಾರು, ತೋಟದ ಯಜಮಾನ ಯಾರೂ ಕೈ ಹಿಡಿಯದಾಗ ಆಕೆ ಪುಡಿ ಹುಡುಕಿದ್ದು. ನನ್ನ ಜಗಳ ಆಕೆಯ ಜೊತೆ ಅಲ್ಲ. ಪುಡಿ ಮಾರುವವರ ಜೊತೆ, ನಂಬರು ಬರೆದುಕೊಡುವ ನನ್ನಂಥವರ ಜೊತೆ.

ಯಾಕಂದ್ರೆ ಗುಟ್ಟಾಗಿ ಕೊಟ್ಟರೆ ಈ ಮದ್ದು ತನ್ನ ಕೆಲಸವನ್ನೇ ಮಾಡುವುದಿಲ್ಲ. ‘ಇವತ್ತು ಮಾತ್ರೆ ನುಂಗಿದ್ದೇನೆ, ಕುಡಿದರೆ ಕೆಟ್ಟೆ’ ಅನ್ನುವ ಹೆದರಿಕೆಯೇ ಇದರ ಅರ್ಧ ಶಕ್ತಿ. ತಾನು ನುಂಗುತ್ತಿರುವುದು ಈ ಮಾತ್ರೆ ಅಂತ ಗೊತ್ತಿದ್ದು, ಮನೆಯವರೊಬ್ಬರ ಎದುರೇ ನುಂಗುವವರಲ್ಲಿ ಫಲ ಕಾಣುತ್ತದೆ. ಯಾವ ಮಾತ್ರೆ ಅಂತ ತಿಳಿಸದೆ ನಡೆಸಿದ ಪ್ರಯೋಗಗಳಲ್ಲಿ ಆ ಫಲ ಕಂಡಿಲ್ಲ. ಗೊತ್ತಿಲ್ಲದವನಿಗೆ ಉಳಿಯುವುದು ವಿಷ ಮಾತ್ರ. ಅವನು ಬಾರಿನವರು ಕಲಬೆರಕೆ ಕೊಟ್ಟರು ಅಂದುಕೊಳ್ತಾನೆ, ಮರುದಿನ ಬ್ರ್ಯಾಂಡ್ ಬದಲಾಯಿಸಿ ಮತ್ತೆ ಕುಡೀತಾನೆ.

ಗುಟ್ಟು ಒಡೆದರೆ ಆಮೇಲೆ? ನಮ್ಮಲ್ಲಿ ಆದದ್ದು ಹೇಳ್ತೇನೆ. ಆತ ಆಸ್ಪತ್ರೆಯಿಂದ ಬಂದ ವಾರವೇ ಆಕೆಗೆ ಮೊದಲಿಗಿಂತ ಜೋರು ಪೆಟ್ಟು ಬಿತ್ತು, ‘ನನ್ನನ್ನು ಕೊಲ್ಲಕ್ಕೆ ನೋಡ್ದೆ’ ಅಂತ. ಕುಡಿತ ಇವತ್ತಿಗೂ ಬಿಟ್ಟಿಲ್ಲ. ಬಿಟ್ಟಿದ್ದು ಮನೆಯ ಊಟ. ಆಕೆ ಬಡಿಸಿದ ಸಾರನ್ನು ಮೂಸಿ ನೋಡಿ ಪಕ್ಕಕ್ಕೆ ಸರಿಸ್ತಾನೆ.

ಆ ಚೀಟಿಯಲ್ಲಿ ನಾನು ಬರೆಯಬೇಕಿದ್ದ ನಂಬರು ಬೇರೆ ಇತ್ತು. ಇವತ್ತು ಕೇಳಿದರೆ 14416 ಬರೆಯುತ್ತೇನೆ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಗಂಡ ಒಪ್ಪದಿದ್ದರೂ ಹೆಂಡತಿ ಕರೆ ಮಾಡಿ ಕೇಳಬಹುದು. ಜಿಲ್ಲಾಸ್ಪತ್ರೆಗೆ ಹೋದರೆ ಮಾನಸಿಕ ತಜ್ಞರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಡೈಸಲ್ಫಿರಾಮೇ ಬೇಕಾದರೆ ಅಲ್ಲಿ ಅವನನ್ನು ಕೂರಿಸಿ, ಹೇಳಿ, ಒಪ್ಪಿಸಿಯೇ ಕೊಡ್ತಾರೆ.

ಈಗಾಗಲೇ ಪುಡಿ ಹಾಕಿದವರು ಇದನ್ನು ಓದ್ತಿದ್ದರೆ, ಇವತ್ತೇ ನಿಲ್ಲಿಸಿ. ಅವನಿಗೆ ಹೇಳಲು ಹೆದರಿಕೆ ಆದರೆ ಮೊದಲು ಡಾಕ್ಟರಿಗೆ ಹೇಳಿ. ಅವನು ಕೆಂಪಾಗಿ ಬಿದ್ದರೆ ಡಾಕ್ಟರು ಮೊದಲ ಸಲ ಕೇಳುವಾಗಲೇ ಬಾಯಿಬಿಡಿ. ನನ್ನ ಹಾಗೆ ನೆಲ ನೋಡ್ತಾ ನಿಲ್ಲಬೇಡಿ.