ಸವೆದ ಬೆರಳು, ಸವೆಯದ ಗುರುತು

ಅಡಿಕೆ ಕೊಯ್ಲಿನ ದಿನಗಳು. ಚನ್ನಗಿರಿ ಸೀಮೆಯ ಹಳ್ಳಿಯೊಂದರಲ್ಲಿ ನನ್ನ ವಿದ್ಯಾರ್ಥಿನಿಯ ಅಜ್ಜಿ ಖಾಲಿ ಚೀಲ ಹಿಡಿದು ನ್ಯಾಯಬೆಲೆ ಅಂಗಡಿಯಿಂದ ಬರುತ್ತಿದ್ದರು. "ಯಾಕಜ್ಜಿ, ಅಕ್ಕಿ ಸಿಗಲಿಲ್ವಾ?" ಎಂದೆ. "ಮಿಷನ್ನಿಗೆ ನಾನ್ಯಾರು ಅಂತ ಗೊತ್ತಾಗ್ತಿಲ್ವಂತೆ ಮೇಷ್ಟ್ರೇ" ಎಂದು ಅಂಗೈ ಚಾಚಿದರು. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳ ತುದಿಗಳು ಕಪ್ಪಾಗಿ, ನುಣ್ಣಗೆ ಸವೆದಿದ್ದವು.

ಇದು ಒಬ್ಬ ಅಜ್ಜಿಯ ಕಥೆಯಲ್ಲ. ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ನಾಟಿ ಮಾಡುವವರ, ಜಗಳೂರಿನ ಹೊಲಗಳಲ್ಲಿ ಮೆಕ್ಕೆಜೋಳದ ತೆನೆ ಮುರಿಯುವವರ ಬೆರಳುಗಳೂ ಹೀಗೆಯೇ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡುತ್ತವೆ. ಅವುಗಳ ವಿನ್ಯಾಸ ಬದಲಾಗದು. ಆದರೆ ದುಡಿಮೆಯಲ್ಲಿ ಹೊರಚರ್ಮ ಸವೆದರೆ ಯಂತ್ರಕ್ಕೆ ಗೆರೆ ಕಾಣುವುದಿಲ್ಲ.

ಮರುದಿನ ತರಗತಿಯಲ್ಲಿ ಮೊಮ್ಮಗಳು ಕೇಳಿದಳು: "ಸರ್, ಸವೆಯದ ಗುರುತು ಯಾವುದೂ ಇಲ್ಲವಾ?"

ಇದೆ. ಅದು ಚರ್ಮದ ಒಳಗಿನ ರಕ್ತನಾಳಗಳ ಕವಲು. ಅವಳಿ ಮಕ್ಕಳ ಅಂಗೈಯಲ್ಲೂ ಅದು ಒಂದೇ ತೆರನಾಗಿರುವುದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚರ್ಮವನ್ನು ದಾಟಿ ಒಳಹೋಗುತ್ತದೆ. ಅಭಿಧಮನಿಯ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದನ್ನು ಹೀರಿಕೊಳ್ಳುತ್ತದೆ. ಆಗ ಕ್ಯಾಮೆರಾದಲ್ಲಿ ನಾಳಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಜಪಾನಿನ ಬ್ಯಾಂಕುಗಳು 2004ರ ಸುಮಾರಿಗೇ ಅಂಗೈ ನಾಳಗಳಿಂದ ಗ್ರಾಹಕರನ್ನು ಗುರುತಿಸತೊಡಗಿದವು.

ಮುಖದ ನಾಳಗಳನ್ನು ಶಾಖ ಗ್ರಹಿಸುವ ಕ್ಯಾಮೆರಾದಿಂದಲೂ ಗುರುತಿಸಬಹುದು. ರಕ್ತ ಹರಿಯುವ ಜಾಡು ಸುತ್ತಲಿನ ಚರ್ಮಕ್ಕಿಂತ ತುಸು ಬಿಸಿ. ಆದರೆ ಜ್ವರ ಬಂದರೆ, ಬಿಸಿಲಲ್ಲಿ ಓಡಿ ಬಂದರೆ ಈ ಶಾಖದ ಚಿತ್ರ ಬದಲಾಗುತ್ತದೆ. ಕನ್ನಡಕದ ಗಾಜು ಶಾಖದ ಕಿರಣವನ್ನು ತಡೆಯುತ್ತದೆ. ಅಂದರೆ ಇದೂ ತಪ್ಪದ ಗುರುತೇನಲ್ಲ.

ಅವಕೆಂಪು ಬೆಳಕನ್ನು ನೋಡಬೇಕೇ? ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಮಿಣುಕು ಹಲವು ಮೊಬೈಲ್‌ಗಳ ಪರದೆಯಲ್ಲಿ ಕಾಣುತ್ತದೆ.

ಪೋಷಕರಿಗೊಂದು ಮಾತು. ಬೀಗದ ಕೈ ಕಳೆದರೆ ಬೀಗ ಬದಲಿಸಬಹುದು, ಮುಖ ಬದಲಿಸಲಾಗದು. ಆದ್ದರಿಂದ ದೇಹದ ಗುರುತನ್ನು ಕೇಳಿದವರಿಗೆಲ್ಲ ಕೊಡಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆಧಾರ್ ಕಾನೂನನ್ನು ಬಹುಪಾಲು ಎತ್ತಿಹಿಡಿದ 2018ರ ತೀರ್ಪು, ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದಿತು.

ಬೆರಳಚ್ಚು ಹೊಂದದ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರವೂ 2017ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ತಿಳಿಸಿತ್ತು. ಇದನ್ನು ಹುಡುಗಿಗೆ ಹೇಳಿಕಳಿಸಿದೆ. ಅವಳು ಅಜ್ಜಿಯ ಕೈಹಿಡಿದು ಅಂಗಡಿಗೆ ಹೋದಳು. ಮನೆಯ ಮೊಬೈಲಿಗೆ ಬಂದ ಒಟಿಪಿಯಿಂದ ಕೆಲಸವಾಯಿತು, ಚೀಲ ತುಂಬಿತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಹಿರಿಯರ ಬೆರಳುಗಳನ್ನೊಮ್ಮೆ ನೋಡಿ. ಗೆರೆ ಸವೆದಿದ್ದರೆ ಈ ತಿಂಗಳು ಅವರೊಡನೆ ನೀವೂ ಅಂಗಡಿಗೆ ಹೋಗಿ. ನಿಮ್ಮನ್ನು ಓದಿಸುವುದಕ್ಕಾಗಿಯೇ ಸವೆದ ಬೆರಳುಗಳವು.