ಹತ್ತಿಗೆ ಬೆಳಕಿನ ಲೆಕ್ಕವೂ ಬೇಕು

ಹತ್ತಿ ಕೈಕೊಟ್ಟ ವರ್ಷ ನಮ್ಮ ಹಾವೇರಿ ಕಡೆ ಮೊದಲು ಕೇಳೋದು "ಮಳಿ ಹೆಂಗಿತ್ತು?" ಅಂತ. ಆಮೇಲೆ ಬೀಜ, ಹುಳ, ರೇಟು. ಬಿತ್ತಿದ ಮೊದಲ ತಿಂಗಳು ಬಿಸಿಲು ಎಷ್ಟು ಬಿತ್ತು ಅಂತ ಯಾರೂ ಕೇಳಿದ್ದನ್ನ ನಾನು ನೋಡಿಲ್ಲ. ಈ ಪ್ರಶ್ನೆ ಕೇಳದೇ ಇರೋದರಿಂದ ರೈತರ ದುಡ್ಡು ಸುಮ್ಮನೆ ಹೋಗ್ತಿದೆ ಅನ್ನೋದು ನನ್ನ ವಾದ.

ಹತ್ತಿ ಬಿಸಿಲಿನ ಗಿಡ. ಅದರ ಎಲೆಗಳು ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಸೂರ್ಯನ ಜೊತೆ ತಿರುಗುತ್ತವೆ. ಮೊಳಕೆ ಬಂದ ಮೊದಲ ಕೆಲವು ದಿನ ಬೀಜದೊಳಗಿನ ಎಣ್ಣೆ, ಪ್ರೋಟೀನೇ ಅದಕ್ಕೆ ಬುತ್ತಿ. ಬುತ್ತಿ ಮುಗಿದ ಮೇಲೆ ಎರಡು ಬೀಜದೆಲೆ ಮತ್ತು ಆಗಷ್ಟೇ ಬಿಟ್ಟ ಎಲೆಗಳು ದುಡಿದೇ ಉಣ್ಣಬೇಕು. ಸರಿಯಾಗಿ ಅದೇ ಹೊತ್ತಿಗೆ ಜುಲೈನ ಜಡಿಮಳೆ ಹಿಡಿದು ವಾರಗಟ್ಟಲೆ ಮೋಡ ಮುಚ್ಚಿದರೆ, ಗಿಡ ಇದ್ದ ಅಲ್ಪಸ್ವಲ್ಪ ಆಹಾರವನ್ನ ಕಾಂಡಕ್ಕೆ, ಎಲೆಗೆ ಹಾಕುತ್ತೆ. ಬೇರಿನ ಪಾಲು ಕಡಿಮೆಯಾಗುತ್ತೆ. ಎಲೆ ಅಗಲವಾಗಿ ತೆಳ್ಳಗಾಗುತ್ತೆ, ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚುತ್ತೆ. ಹೊಲ ನೋಡಿದರೆ ಹಸಿರಾಗಿ, ಎತ್ತರವಾಗಿ ಚೆಂದವೇ ಕಾಣುತ್ತೆ! ಪೆಟ್ಟು ಕಾಣೋದು ಆಗಸ್ಟಿನಲ್ಲಿ ಮಳೆ ಹದಿನೈದು ದಿನ ಬಿಡುವು ಕೊಟ್ಟಾಗ. ಎರೆಭೂಮಿಯ ಆಳದಲ್ಲಿ ತೇವ ಇರುತ್ತೆ, ಬೇರು ಅಲ್ಲಿಗೆ ಮುಟ್ಟಿರಲ್ಲ. ಬೈಗುಳ ಮಾತ್ರ ಆಗಸ್ಟಿನ ಮಳೆಗೆ.

ಜರ್ಮನಿಯಲ್ಲಿರೋ ನಮಗೆ ಈ ರೂಪ ಹೊಸದಲ್ಲ. ಊರಿಂದ ಬೀಜ ತಂದು ಡಿಸೆಂಬರ್‌ನಲ್ಲಿ ಕಿಟಕಿ ಹತ್ತಿರ ಮೆಂತ್ಯ ಹಾಕಿದವರಿಗೆಲ್ಲ ಗೊತ್ತು: ದಾರದ ಹಾಗೆ ಎದ್ದು ಗಾಜಿನ ಕಡೆ ಬಾಗುತ್ತೆ. ಅದಕ್ಕೆ ಗೊಬ್ಬರ ಹಾಕಿದರೆ ಪ್ರಯೋಜನ ಇಲ್ಲ ಅಂತ ನಮಗೆ ತಕ್ಷಣ ಹೊಳೆಯುತ್ತೆ. ಹೊಲದಲ್ಲಿ ಹೊಳೆಯಲ್ಲ. ಅಲ್ಲಿ ಸಸಿ ನಿಶ್ಶಕ್ತವಾಗಿ ಕಂಡರೆ ಯೂರಿಯಾ ಎರಚೋದೇ ಮೊದಲ ಮದ್ದು. ಸಬ್ಸಿಡಿಯ 45 ಕೆಜಿ ಚೀಲ 266 ರೂಪಾಯಿ 50 ಪೈಸೆ, ಅಗ್ಗ ಅಂತಲೇ ಕೈ ಬಿಚ್ಚಿ ಹಾಕ್ತಾರೆ. ಅದರ ಜೊತೆ ಅಂಗಡಿಯವರು ಒಂದು "ಟಾನಿಕ್" ಬಾಟಲಿ ಕೊಡ್ತಾರಲ್ಲ, ಅದು ಅಗ್ಗ ಅಲ್ಲ. ಬೆಳಕಿಲ್ಲದೆ ಸಕ್ಕರೆ ತಯಾರಾಗದ ಗಿಡಕ್ಕೆ ಸಾರಜನಕ ಸುರಿದರೆ ಇನ್ನೂ ಎಳಸಾಗಿ ಬೆಳೆಯುತ್ತೆ, ಹೇನು ಮತ್ತು ಜಿಗಿಹುಳಕ್ಕೆ ಹಬ್ಬ. ಮುಂದೆ ಔಷಧಿ ಹೊಡೆಯೋ ಖರ್ಚು.

ಯೂರಿಯಾ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ನೀರು ನಿಂತ ಹೊಲದಲ್ಲಿ ಸಾರಜನಕ ನಿಜಕ್ಕೂ ಕಳೆದುಹೋಗುತ್ತೆ. ಆದರೆ ಆಗ ಗಿಡ ಗಿಡ್ಡಗೆ ನಿಲ್ಲುತ್ತೆ, ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗುತ್ತೆ. ಉದ್ದಕ್ಕೆ ಎದ್ದು ಹಸಿರಾಗೇ ಇರೋ ಸಸಿ ಬೇರೆ ಕಥೆ ಹೇಳ್ತಿದೆ. ಅದಕ್ಕೆ ಬೇಕಾದದ್ದು ಮಳೆ ಬಿಟ್ಟ ಕೂಡಲೇ ಎಡೆ ಹೊಡೆದು ಕಳೆಯ ನೆರಳು ತೆಗೆಯೋದು, ಒಂದೇ ಗುಣಿಯಲ್ಲಿ ಎರಡು-ಮೂರು ಸಸಿ ಇದ್ದರೆ ಬೇಗ ಕಿತ್ತು ಒಂದನ್ನ ಉಳಿಸೋದು.

ಕಣ್ಣಳತೆಯಲ್ಲಿ ಬೆಳಕು ತಿಳಿಯಲ್ವಾ ಅಂತ ಕೇಳಬಹುದು. ತಿಳಿಯಲ್ಲ. ನೆತ್ತಿ ಮೇಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಾವು ಓದೋ ಲೈಬ್ರರಿ ಸುಮಾರು 500. ಇನ್ನೂರು ಪಟ್ಟು ವ್ಯತ್ಯಾಸ, ಆದರೂ ಎರಡೂ ಕಡೆ ಪುಸ್ತಕ ಆರಾಮಾಗಿ ಓದ್ತೀವಿ. ದಟ್ಟ ಮೋಡದಲ್ಲಿ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿದರೂ ಕಣ್ಣು ಹೊಂದಿಕೊಂಡುಬಿಡುತ್ತೆ, ಎಲೆಗೆ ಆ ಸೌಲಭ್ಯ ಇಲ್ಲ.

ಕರ್ನಾಟಕದಲ್ಲಿ ಮಳೆ ಅಳೆಯೋ ಯಂತ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಾಗಿದೆ. ಅದೇ ಕಂಬಕ್ಕೆ ಒಂದು ಫೋಟೋಡಯೋಡ್ ಸೇರಿಸಿ, "ಈ ವಾರ ಬಿದ್ದ ಬೆಳಕು ಮಾಮೂಲಿನ ಅರ್ಧ, ಯೂರಿಯಾಗೆ ಅವಸರ ಬೇಡ" ಅಂತ ಫೋನಿಗೆ ಒಂದು ಸಾಲು ಕಳಿಸೋದು ನಮ್ಮಂಥ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಸೆಮಿಸ್ಟರ್ ಪ್ರಾಜೆಕ್ಟಿನಷ್ಟು ಕೆಲಸ. ಕಷ್ಟ ಇರೋದು ಸರ್ಕ್ಯೂಟಿನಲ್ಲಲ್ಲ, ಮೇಲಿನ ಗಾಜಿನಲ್ಲಿ. ಧೂಳು, ಕಾಗೆ ಹಿಕ್ಕೆ ಬಿದ್ದರೆ ಅದು ದಿನಾ ಮೋಡ ಅಂತಲೇ ಹೇಳುತ್ತೆ. ವಾರಕ್ಕೊಮ್ಮೆ ಒರೆಸೋರು ಬೇಕು. ಪಂಚಾಯಿತಿ ಆಫೀಸಿಗಿಂತ ಶಾಲೆಯ ಅಂಗಳದಲ್ಲಿ ಇಟ್ಟರೆ ಆ ಕೆಲಸ ತಪ್ಪದೆ ಆಗುತ್ತೆ ಅಂತ ನನಗನ್ನಿಸುತ್ತೆ.