ಕಲೆಯ ಇತಿಹಾಸವೂ ಒಂದು ಓದೇ?

“ಚಿತ್ರ ಬರೆಯಲು ಕಲಿತರೆ ಅಂಗಡಿಯ ಫಲಕ ಬರೆದಾದರೂ ಬದುಕಬಹುದು. ಯಾರೋ ಬರೆದ ಚಿತ್ರದ ಚರಿತ್ರೆಯನ್ನು ಓದಿ ಆಗಬೇಕಾದುದೇನು?” ಮಗಳನ್ನು ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸಕ್ಕೆ ಸೇರಿಸಬೇಕೆ ಬೇಡವೆ ಎಂಬ ಚಿಂತೆಯಲ್ಲಿರುವ ತಂದೆಯೊಬ್ಬರು ನಮ್ಮನ್ನು ಹೀಗೆ ಕೇಳಿದರು. ಪ್ರಶ್ನೆ ನ್ಯಾಯವಾದುದೇ.

ನಮ್ಮ ಮಡಕಶಿರಾ ಸೀಮೆಯವರಿಗೆ ಲೇಪಾಕ್ಷಿ ದೂರದ ಊರಲ್ಲ. ಹೋದವರೆಲ್ಲರೂ ತೂಗುಕಂಬದಡಿ ಬಟ್ಟೆ ತೂರಿಸಿ ನೋಡಿ, ದೊಡ್ಡ ಬಸವನಿಗೆ ಕೈಮುಗಿದು ಹಿಂದಿರುಗುತ್ತಾರೆ. ತಲೆಯೆತ್ತಿ ಮಂಟಪದ ಚಾವಣಿಯನ್ನು ನಿಂತು ನೋಡುವವರು ವಿರಳ. ಅಲ್ಲಿರುವುದು ವಿಜಯನಗರದ ಅಚ್ಯುತರಾಯನ ಕಾಲದ (1529–1542) ವರ್ಣಚಿತ್ರಗಳು. ದೇವಾಲಯವನ್ನು ಕಟ್ಟಿಸಿದವರು ವಿರೂಪಣ್ಣ, ವೀರಣ್ಣ ಎಂಬ ಸೋದರರು. ಗಿರಿಜಾ ಕಲ್ಯಾಣ, ಕಿರಾತಾರ್ಜುನರ ಕಾಳಗ ಮೊದಲಾದ ಕಥೆಗಳನ್ನು ನಮ್ಮ ಅಜ್ಜಿಯರೂ ಗುರುತಿಸಬಲ್ಲರು. ಕಲೆಯ ಇತಿಹಾಸದ ವಿದ್ಯಾರ್ಥಿಯ ಕೆಲಸ ಅಲ್ಲಿಂದ ಮುಂದಕ್ಕೆ ಆರಂಭವಾಗುತ್ತದೆ. ಗಂಡಸರ ತಲೆಯ ಮೇಲಿನ ಎತ್ತರದ ಕುಲಾವಿ ಎಲ್ಲಿಂದ ಬಂದಿತು? ಹೆಂಗಸರ ಸೀರೆಗಳ ಮೇಲಿನ ವಿನ್ಯಾಸಗಳನ್ನು ನೇಯುವವರು ಆಗ ಇದ್ದರೇ? ಸುಣ್ಣದ ಗಾರೆಯ ಮೇಲೆ ಬಣ್ಣ ಹೇಗೆ ನಿಂತಿತು, ಈಗ ಏಕೆ ಉದುರುತ್ತಿದೆ? ಹಣ ಕೊಟ್ಟವನು ತನ್ನ ಚಿತ್ರವನ್ನೂ ದೇವರ ಚಿತ್ರದ ಬಳಿಯಲ್ಲೇ ಏಕೆ ಬರೆಯಿಸಿಕೊಂಡ? ಒಂದೊಂದಕ್ಕೂ ಸಾಕ್ಷ್ಯ ಒದಗಿಸಿ ಉತ್ತರಿಸಬೇಕು. ಇದು ಬರಿಯ ರಸಾಸ್ವಾದನೆಯಲ್ಲ, ಕಣ್ಣಿಗೆ ಕೊಡುವ ಶಿಕ್ಷಣ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಆ ಗುಡಿಯ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಕನ್ನಡ ಬಾರದ ವಿದ್ವಾಂಸನು ಚಿತ್ರವನ್ನು ಎಷ್ಟು ಬಣ್ಣಿಸಿದರೂ ಗೋಡೆಯ ಅಕ್ಷರದ ಮುಂದೆ ಇನ್ನೊಬ್ಬರ ನೆರವು ಬೇಡಬೇಕು. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದು ಬೆಳೆದ ಮಗುವಿಗೆ ಎರಡೂ ಕಡೆಯ ಗ್ರಂಥಗಳು ತೆರೆದಿರುತ್ತವೆ. “ಕನ್ನಡದಿಂದ ಪ್ರಯೋಜನವೇನು” ಎಂದು ಮನೆಯಲ್ಲಿಯೇ ಅಕ್ಷರಾಭ್ಯಾಸವನ್ನು ನಿಲ್ಲಿಸಿದವರು ಇದನ್ನು ಯೋಚಿಸಬೇಕು.

ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವು 1950ರಲ್ಲಿ ಆರಂಭವಾಯಿತು. ಚಿತ್ರ ಬರೆಯುವವರೂ ಚಿತ್ರದ ಇತಿಹಾಸ ಓದುವವರೂ ಅಲ್ಲಿ ಒಂದೇ ಆವರಣದಲ್ಲಿ ಕಲಿಯುತ್ತಾರೆ. ಈ ಏರ್ಪಾಡು ನಮಗೆ ಬಹಳ ಮೆಚ್ಚಿಕೆಯಾದುದು. ಕುಂಚ ಹಿಡಿಯುವವರ ಜೊತೆಗಿಲ್ಲದೆ ಕುಂಚದ ಬಗ್ಗೆ ಬರೆದುದು ಒಣಗಿರುತ್ತದೆ.

ಉದ್ಯೋಗದ ಮಾತನ್ನು ಮರೆಮಾಚುವುದು ಬೇಡ. ಪುರಾತತ್ವ ಇಲಾಖೆಯ ಹುದ್ದೆಗಳಿಗೆ ಸಾಮಾನ್ಯವಾಗಿ ಇತಿಹಾಸ ಅಥವಾ ಪುರಾತತ್ವದ ಪದವಿಯನ್ನು ಕೇಳುತ್ತಾರೆ. ಕಲೆಯ ಇತಿಹಾಸವೊಂದೇ ಅಲ್ಲಿ ಸಾಲದೆ ಹೋಗಬಹುದು. ಕಾಲೇಜು ಅಧ್ಯಾಪಕರಾಗಬಯಸುವವರು ದೃಶ್ಯಕಲೆಯ ವಿಷಯದಲ್ಲಿ ನೆಟ್ ಪರೀಕ್ಷೆಗೆ ಕುಳಿತುಕೊಳ್ಳಬಹುದು. ವಸ್ತುಸಂಗ್ರಹಾಲಯ, ಪ್ರಕಾಶನ, ಹಳೆಯ ಕಟ್ಟಡಗಳ ಸಂರಕ್ಷಣೆ, ಇವೂ ಉಂಟು. ಆದರೆ ಹುದ್ದೆಗಳು ಕೆಲವೇ. ಪದವಿ ಮುಗಿದ ತಿಂಗಳೇ ಸಂಬಳ ಬರಲೇಬೇಕಾದ ಮನೆಯವರು, ಮೊದಲು ಇತಿಹಾಸದಲ್ಲಿ ಬಿ.ಎ. ಮಾಡಿಸಿ, ಬಳಿಕ ಈ ವಿಷಯಕ್ಕೆ ಕಳುಹಿಸುವುದು ಲೇಸು. ಪ್ರವೇಶದ ನಿಯಮಗಳನ್ನು ಆಯಾ ವಿಶ್ವವಿದ್ಯಾಲಯಕ್ಕೇ ಬರೆದು ತರಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ದೀರ್ಘವಾಗಿ ಓದಿ ಬರೆಯುವ ಅಭ್ಯಾಸವನ್ನೂ, ಹಳಗನ್ನಡ ಲಿಪಿಯ ಪರಿಚಯವನ್ನೂ ಮಕ್ಕಳು ಬೇಸಗೆಯ ರಜೆಯಲ್ಲೇ ಆರಂಭಿಸಬಹುದು.